ಹಾವು ಕಡಿತ: ಯಾರ ಲೆಕ್ಕಕ್ಕೂ ಸೇರದ ರೈತನ ಸಾವು

(ತಾಲ್ಲೂಕು ರೈತ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ನನಗಿಂತ ಮೊದಲು ಮಾತಾಡಿದವರು ಕಬ್ಬಿನ ಬಾಕಿ, ಬ್ಯಾಂಕಿನ ನೋಟೀಸು, ಭತ್ತದ ದರ ಇವುಗಳ ಬಗ್ಗೆ ಹೇಳಬೇಕಾದ್ದನ್ನೆಲ್ಲ ಹೇಳಿದ್ದಾರೆ. ಅರೆದದ್ದನ್ನೇ ಮತ್ತೆ ಅರೆಯೋದು ಬೇಡ. ನನಗೆ ಕಾರ್ಯದರ್ಶಿಗಳು ಬೇರೆ ಕೆಲಸ ಕೊಟ್ಟಿದ್ದಾರೆ. "ವೈದ್ಯಕೀಯದಲ್ಲಿ, ಜೀವವಿಜ್ಞಾನದಲ್ಲಿ ಈಗ ಏನೇನೋ ಸಂಶೋಧನೆ ನಡೀತಾ ಇದೆ ಅಂತಾರಲ್ಲ, ಅದರಲ್ಲಿ ರೈತನ ಪಾಲು ಎಷ್ಟು ಅಂತ ಸ್ವಲ್ಪ ಹೇಳಿ" ಅಂದರು. ನಾನು ಹೈಸ್ಕೂಲು ಮುಗಿಸಿ ನೇಗಿಲು ಹಿಡಿದವನು, ಡಾಕ್ಟರಲ್ಲ. ಓದುವ ಚಟ ಒಂದಿದೆ, ತಿಳಿದವರ ಬೆನ್ನು ಬಿದ್ದು ಕೇಳುವ ಚಟ ಇನ್ನೊಂದಿದೆ. ಆ ಎರಡರ ಬಲದ ಮೇಲೆ ನಿಂತಿದ್ದೇನೆ.

ಹೃದಯದ ರೋಗ, ಸಕ್ಕರೆ ಕಾಯಿಲೆ, ಕ್ಯಾನ್ಸರ್ ಇವೆಲ್ಲ ದೊಡ್ಡ ವಿಷಯಗಳೇ. ಅವುಗಳ ಬಗ್ಗೆ ಬರೆಯೋರು ಬಹಳ ಜನ ಇದ್ದಾರೆ. ನಾನು ಎತ್ತಿಕೊಂಡಿರೋದು ನಮ್ಮ ಗದ್ದೆ ಬದುವಿನ ಮೇಲೆ, ಹುಲ್ಲಿನ ಮೆದೆಯ ಕೆಳಗೆ, ಪಂಪ್‌ಸೆಟ್ ಮನೆಯ ಮೂಲೆಯಲ್ಲಿ ಇರುವ ವಿಷಯ. ಹಾವು ಕಡಿತ.

ಬೆಲೆ, ಸಾಲ ಮಾತಾಡುವ ಸಭೆಗೆ ಹಾವು ಯಾಕೆ ಬಂತು ಅಂತ ಯಾರಾದರೂ ಕೇಳಬಹುದು. ನಾನು ತಿರುಗಿ ಕೇಳ್ತೀನಿ. ಗಣಿಯೊಳಗೆ ಕೆಲಸ ಮಾಡುವವನಿಗೆ ಶ್ವಾಸಕೋಶದ ರೋಗ ಬಂದರೆ ಅದನ್ನು ವೃತ್ತಿಯಿಂದ ಬಂದ ರೋಗ ಅಂತಾರೆ. ಕಾರ್ಖಾನೆಯಲ್ಲಿ ಕೈ ಹೋದರೆ ಅದಕ್ಕೊಂದು ಕಾನೂನು ಇದೆ. ರಾತ್ರಿ ನೀರು ಕಟ್ಟೋಕೆ ಹೋದವನ ಕಾಲಿಗೆ ಕೊಳಕುಮಂಡಲ ಕಚ್ಚಿದರೆ ಮಾತ್ರ "ಅವನ ಹಣೆಬರಹ" ಅಂತೀವಿ. ಹಣೆಬರಹ ಅಂದುಬಿಟ್ಟರೆ ಯಾರೂ ಲೆಕ್ಕ ಕೊಡಬೇಕಾಗಿಲ್ಲ. ಸರ್ಕಾರವೂ ಕೊಡಬೇಕಾಗಿಲ್ಲ, ಔಷಧಿ ಮಾಡೋರೂ ಕೊಡಬೇಕಾಗಿಲ್ಲ.

ಲೆಕ್ಕದಿಂದಲೇ ಶುರು ಮಾಡ್ತೀನಿ. ನಮ್ಮ ದೇಶದ ಜನಗಣತಿ ಕಚೇರಿಯವರ ಜೊತೆ ಸೇರಿ, ಪ್ರಭಾತ್ ಝಾ ಎಂಬ ವಿಜ್ಞಾನಿಯ ಮುಂದಾಳತ್ವದಲ್ಲಿ, ಲಕ್ಷಾಂತರ ಸಾವುಗಳ ಅಧ್ಯಯನ ಅಂತ ಒಂದು ದೊಡ್ಡ ಕೆಲಸ ನಡೆಯಿತು. ಆಸ್ಪತ್ರೆಯ ಪುಸ್ತಕ ನೋಡಿ ಬರೆದ ಲೆಕ್ಕ ಅಲ್ಲ ಅದು. ಸತ್ತವರ ಮನೆ ಮನೆಗೆ ಹೋಗಿ, "ಹೇಗೆ ಸತ್ತರು, ಏನಾಗಿತ್ತು" ಅಂತ ಮನೆಯವರ ಬಾಯಿಂದಲೇ ಕೇಳಿ ಬರೆದುಕೊಂಡದ್ದು. ಅದರ ಆಧಾರದ ಮೇಲೆ 2020ರಲ್ಲಿ ಪ್ರಕಟವಾದ ಲೆಕ್ಕ ಹೀಗಿದೆ: 2000ದಿಂದ 2019ರವರೆಗಿನ ಇಪ್ಪತ್ತು ವರ್ಷದಲ್ಲಿ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ. ಅಂದರೆ ವರ್ಷಕ್ಕೆ ಸರಾಸರಿ 58 ಸಾವಿರ. ಹೆಚ್ಚು ಕಮ್ಮಿ ಅರ್ಧದಷ್ಟು ಜನ 30ರಿಂದ 69 ವರ್ಷದವರು, ಅಂದರೆ ಸಂಸಾರದ ನೊಗ ಹೊತ್ತವರು. ಕಾಲು ಭಾಗಕ್ಕಿಂತ ಹೆಚ್ಚು 15 ವರ್ಷದೊಳಗಿನ ಮಕ್ಕಳು. ಅರ್ಧದಷ್ಟು ಸಾವು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ನಾವು ಬಿತ್ತನೆ, ನಾಟಿ, ಕಳೆ ಅಂತ ಹೊಲದಲ್ಲೇ ಬಿದ್ದಿರುವ ತಿಂಗಳುಗಳಲ್ಲಿ. ಬಹುಪಾಲು ಜನ ಸತ್ತದ್ದು ಹಳ್ಳಿಯಲ್ಲಿ, ಅದೂ ಆಸ್ಪತ್ರೆಯಲ್ಲಲ್ಲ, ಮನೆಯಲ್ಲೇ.

ಈಗ ಸರ್ಕಾರದ ಲೆಕ್ಕ ನೋಡಿ. 2003ರಿಂದ 2015ರವರೆಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಹಾವು ಕಡಿತದಿಂದ ಸತ್ತವರು 15,500 ಅಂತ ಸರ್ಕಾರ ಹೇಳಿತ್ತು. ಅದೇ ಅವಧಿಗೆ ಆಸ್ಪತ್ರೆಯಲ್ಲಿ ಆದ ಸಾವುಗಳನ್ನು ಈ ಅಧ್ಯಯನ ಎಣಿಸಿದಾಗ ಸಿಕ್ಕಿದ್ದು 1 ಲಕ್ಷ 54 ಸಾವಿರ. ಹತ್ತಕ್ಕೆ ಒಂದು ಮಾತ್ರ ಪುಸ್ತಕಕ್ಕೆ ಏರಿದೆ! ಆಸ್ಪತ್ರೆ ಮೆಟ್ಟಿಲು ಹತ್ತಿದವರ ಗತಿಯೇ ಇದಾದರೆ ಹತ್ತದವರ ಗತಿ ಏನು? ನಮ್ಮ ಬೆಳೆ ಖರ್ಚಿನ ಲೆಕ್ಕದಲ್ಲಿ ಹೇಗೆ ಕೈಬಿಡ್ತಾರೋ, ಸಾವಿನ ಲೆಕ್ಕದಲ್ಲೂ ಹಾಗೇ ಕೈಬಿಟ್ಟಿದ್ದಾರೆ. ಲೆಕ್ಕ ಕಮ್ಮಿಯಾದರೆ ಔಷಧಿ ಸರಬರಾಜೂ ಕಮ್ಮಿ, ಸಂಶೋಧನೆಗೆ ದುಡ್ಡೂ ಕಮ್ಮಿ. ವಿಶ್ವ ಆರೋಗ್ಯ ಸಂಸ್ಥೆಯೇ ಹಾವು ಕಡಿತವನ್ನು ಕಡೆಗಣಿಸಲ್ಪಟ್ಟ ರೋಗಗಳ ಮುಖ್ಯ ಪಟ್ಟಿಗೆ ಸೇರಿಸಿದ್ದು 2017ರಲ್ಲಿ. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟು ನಲವತ್ತೆಂಟು ವರ್ಷ ಆದ ಮೇಲೆ!

ಇನ್ನು ಹಾವಿನ ವಿಷಯಕ್ಕೆ ಬರೋಣ. ನಮ್ಮ ದೇಶದಲ್ಲಿ ಮುನ್ನೂರಕ್ಕೂ ಹೆಚ್ಚು ಜಾತಿಯ ಹಾವುಗಳಿವೆ. ವಿಷ ಇರೋದು ಅದರಲ್ಲಿ ಸುಮಾರು ಅರವತ್ತಕ್ಕೆ. ನಮ್ಮ ಕಡೆ ಜೀವ ತೆಗೆಯುವುದರಲ್ಲಿ ಮುಂದಿರೋವು ನಾಲ್ಕು: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ವಿಷ ಅಂದರೆ ಒಂದೇ ವಸ್ತು ಅಂತ ನಾವು ತಿಳಿದಿದ್ದೇವೆ. ಹಾಗಲ್ಲ. ಅದು ಹತ್ತಾರು ಬಗೆಯ ಪ್ರೋಟೀನುಗಳ ಕಷಾಯ. 2020ರಲ್ಲಿ ನಮ್ಮ ನಾಗರಹಾವಿನ ಇಡೀ ವಂಶವಾಹಿಯನ್ನೇ ಓದಿ ಪ್ರಕಟಿಸಿದರು. ಅದರಲ್ಲಿ ವಿಷಕ್ಕೆ ಸಂಬಂಧಪಟ್ಟ ಜೀನುಗಳೇ 139 ಸಿಕ್ಕವು.

ನಾಗರ ಮತ್ತು ಕಟ್ಟುಹಾವಿನ ವಿಷ ನರದ ಮೇಲೆ ಕೂರುತ್ತೆ. ಕಣ್ಣಿನ ರೆಪ್ಪೆ ಇಳಿಬೀಳುತ್ತೆ, ಮಾತು ತೊದಲುತ್ತೆ, ನುಂಗೋಕೆ ಆಗಲ್ಲ, ಕೊನೆಗೆ ಉಸಿರಾಟದ ಸ್ನಾಯು ನಿಲ್ಲುತ್ತೆ. ಕೊಳಕುಮಂಡಲ, ಗರಗಸ ಮಂಡಲಗಳ ವಿಷ ರಕ್ತದ ಮೇಲೆ ಕೆಲಸ ಮಾಡುತ್ತೆ. ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನೇ ಕಳೆದುಕೊಳ್ಳುತ್ತೆ, ವಸಡಿನಲ್ಲಿ, ಮೂತ್ರದಲ್ಲಿ ರಕ್ತ ಬರುತ್ತೆ. ಕೊಳಕುಮಂಡಲ ಕಚ್ಚಿದರೆ ಮೂತ್ರಪಿಂಡವೂ ಕೆಡಬಹುದು. ಆಮೇಲೆ ಡಯಾಲಿಸಿಸ್ ಅಂತ ತಿಂಗಳುಗಟ್ಟಲೆ ಓಡಾಟ. ಜೀವ ಉಳಿದರೂ ಜಮೀನು ಉಳಿಯೋದು ಕಷ್ಟ.

ಇದಕ್ಕೆ ಔಷಧಿ ಇದೆಯೆ? ಇದೆ. ಒಂದೇ ಒಂದು. ಆಸ್ಪತ್ರೆಯವರು ಎ.ಎಸ್.ವಿ. ಅಂತಾರೆ, ನಾವು ಹಾವಿನ ಇಂಜೆಕ್ಷನ್ ಅಂತೀವಿ. ಆ ಔಷಧಿ ಮಾಡುವ ದಾರಿ ಕಂಡುಹಿಡಿದವರಲ್ಲಿ ಮುಖ್ಯನಾದವನು ಫ್ರಾನ್ಸಿನ ಆಲ್ಬರ್ಟ್ ಕಾಲ್ಮೆಟ್ ಎಂಬ ವೈದ್ಯ, 1890ರ ದಶಕದಲ್ಲಿ. ವಿಷವನ್ನು ಸ್ವಲ್ಪ ಸ್ವಲ್ಪವಾಗಿ ಕುದುರೆಗೆ ಚುಚ್ಚುತ್ತಾ ಹೋಗ್ತಾರೆ. ಕುದುರೆಯ ರಕ್ತದಲ್ಲಿ ಆ ವಿಷವನ್ನು ಹಿಡಿದು ಕಟ್ಟಿಹಾಕುವ ಕಣಗಳು ಹುಟ್ಟುತ್ತವೆ. ಆ ರಕ್ತದಿಂದ ಅವನ್ನು ಬೇರೆ ಮಾಡಿ ಬಾಟಲಿಗೆ ತುಂಬುತ್ತಾರೆ. ಇಂದಿಗೂ ನಮ್ಮ ತಾಲ್ಲೂಕು ಆಸ್ಪತ್ರೆಗೆ ಬರೋದು ಅದೇ ಕುದುರೆಯ ಔಷಧಿ. ಶುದ್ಧಿ ಮಾಡೋದರಲ್ಲಿ ಸುಧಾರಣೆ ಆಗಿದೆ, ಮೂಲ ದಾರಿ ಮಾತ್ರ ನೂರ ಮೂವತ್ತು ವರ್ಷದ ಹಳೆಯದು.

ಅದಕ್ಕೆ ಬೇಕಾದ ವಿಷ ಎಲ್ಲಿಂದ ಬರುತ್ತೆ ಗೊತ್ತೆ? ಬಹುಪಾಲು ತಮಿಳುನಾಡಿನಲ್ಲಿ, ಚೆನ್ನೈ ಹತ್ತಿರದ ಇರುಳರ ಸಹಕಾರ ಸಂಘದಿಂದ. ಹಾವಿನ ಚರ್ಮದ ವ್ಯಾಪಾರ ನಿಂತು ಹೊಟ್ಟೆಪಾಡಿಗೆ ದಾರಿ ಇಲ್ಲದಾಗ ಆ ಜನ 1978ರಲ್ಲಿ ಸಂಘ ಕಟ್ಟಿಕೊಂಡರು. ಹಾವು ಹಿಡಿದು, ಕೆಲವು ವಾರ ಇಟ್ಟುಕೊಂಡು, ವಿಷ ತೆಗೆದು, ಮತ್ತೆ ಕಾಡಿಗೆ ಬಿಡ್ತಾರೆ. ಆ ಸಮುದಾಯದ ವಡಿವೇಲ್ ಗೋಪಾಲ್, ಮಾಸಿ ಸಡೈಯನ್ ಇಬ್ಬರಿಗೂ 2023ರಲ್ಲಿ ಪದ್ಮಶ್ರೀ ಬಂತು. ಸಹಕಾರ ಸಂಘ ಅಂದರೆ ಮೂಗು ಮುರಿಯುವವರು ಇದನ್ನು ಕೇಳಬೇಕು. ಭಾರತದಲ್ಲಿ ಹಾವು ಕಚ್ಚಿ ಬದುಕಿದವರ ಹಿಂದೆ ಅಕ್ಷರ ಬಾರದ ಬಡ ಗಿರಿಜನರ ಒಂದು ಸಂಘ ಇದೆ.

ಆದರೆ ಬಂಧುಗಳೆ, ಇಲ್ಲೇ ಒಂದು ತೊಡಕಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ನಮ್ಮ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್, ಕಾರ್ತಿಕ್ ಸುನಗರ್ ಎಂಬುವರು ತಮ್ಮ ತಂಡದೊಂದಿಗೆ ಈ ವಿಷಗಳನ್ನೇ ಅಧ್ಯಯನ ಮಾಡ್ತಾ ಇದ್ದಾರೆ. ಅವರು ತೋರಿಸಿಕೊಟ್ಟದ್ದು ಏನು? ಒಂದೇ ಜಾತಿಯ ಹಾವಾದರೂ ಊರಿಂದ ಊರಿಗೆ ವಿಷ ಬೇರೆ ಬೇರೆ. ಪಂಜಾಬಿನ ನಾಗರಹಾವಿನ ವಿಷವೂ ನಮ್ಮ ಕಡೆಯದೂ ಒಂದೇ ಅಲ್ಲ. 2019ರಲ್ಲಿ ಅವರು ಪ್ರಕಟಿಸಿದ ಅಧ್ಯಯನದಲ್ಲಿ, ಆ ನಾಲ್ಕು ಹಾವುಗಳ ಪಟ್ಟಿಗೆ ಸೇರದ ಬೇರೆ ವಿಷದ ಹಾವುಗಳಿಗೆ ನಮ್ಮ ಇಂಜೆಕ್ಷನ್ ಎಷ್ಟು ಕಮ್ಮಿ ಕೆಲಸ ಮಾಡುತ್ತೆ ಅಂತ ಬಯಲಾಯಿತು. 2025ರಲ್ಲಿ ದೇಶದ 34 ಕಡೆಗಳಿಂದ 115 ಕೊಳಕುಮಂಡಲಗಳ ವಿಷ ಪರೀಕ್ಷೆ ಮಾಡಿ, ಅಲ್ಲಲ್ಲಿನ ಮಳೆ, ಬಿಸಿಲಿಗೂ ವಿಷದ ಗುಣಕ್ಕೂ ಸಂಬಂಧ ಇದೆ ಅಂತ ಹೇಳಿದ್ದಾರೆ. ಒಣ ಸೀಮೆಯ ಹಾವಿನ ವಿಷದಲ್ಲಿ ಮಾಂಸ ಕೊಳೆಸುವ ಅಂಶ ಹೆಚ್ಚಂತೆ.

ಇದು ವಿಜ್ಞಾನಿಗಳಿಗೆ ಹೊಸದಿರಬಹುದು, ರೈತನಿಗೆ ಅರ್ಥವಾಗದ ಮಾತಲ್ಲ. ಮಂಡ್ಯದ ಕೆಸರು ಗದ್ದೆಯ ತಳಿಯನ್ನು ಚಿತ್ರದುರ್ಗದ ಕಲ್ಲು ನೆಲಕ್ಕೆ ಹಾಕಿದರೆ ಏನಾಗುತ್ತೆ ಅಂತ ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಹಾಗಿರುವಾಗ ಬಹುಪಾಲು ಒಂದು ಮೂಲೆಯ ಹಾವಿನ ವಿಷದಿಂದ ಮಾಡಿದ ಔಷಧಿ ಇಡೀ ಭರತಖಂಡಕ್ಕೆ ಸರಿಹೊಂದಬೇಕು ಅಂದರೆ ಹೇಗೆ? ಮಲೆನಾಡಿನ ತೋಟಗಳಲ್ಲಿ ಮೂಗಿನ ತುದಿ ಮೇಲಕ್ಕೆ ಎದ್ದಿರುವ ಒಂದು ಸಣ್ಣ ಮಂಡಲದ ಜಾತಿ ಇದೆ. ಅದು ಕಚ್ಚಿದರೆ ಮೂತ್ರಪಿಂಡ ಕೆಡಬಹುದು. ಅದರ ವಿಷಕ್ಕೆ ನಮ್ಮ ದೇಶದ ಇಂಜೆಕ್ಷನ್ ನಾಟೋದಿಲ್ಲ. ಕಾಫಿ, ಅಡಿಕೆ ತೋಟದಲ್ಲಿ ದುಡಿಯುವವರು ಇದನ್ನು ತಿಳಿದಿರಬೇಕು.

ಇಷ್ಟು ಕೇಳಿ ಯಾರೂ "ಹಾಗಾದರೆ ಇಂಜೆಕ್ಷನ್ ದಂಡ" ಅಂದುಕೊಳ್ಳಬೇಡಿ. ನಮ್ಮ ಬಯಲು ಸೀಮೆಯಲ್ಲಿ ಕಚ್ಚುವ ನಾಲ್ಕು ಹಾವಿಗೆ ಇವತ್ತು ಇರುವ ಔಷಧಿ ಅದೊಂದೇ, ಸಾವಿರಾರು ಜನರನ್ನು ಉಳಿಸಿದ್ದೂ ಅದೇ. ಬಾಟಲಿ ಹೆಚ್ಚು ಬೇಕಾಗುತ್ತೆ ಅಷ್ಟೆ. ಲೆಕ್ಕ ಹೇಳ್ತೀನಿ. ಒಂದು ಬಾಟಲಿ 10 ಮಿಲಿಲೀಟರ್. ಅಷ್ಟು ಔಷಧಿ ಕೊಳಕುಮಂಡಲದ 6 ಮಿಲಿಗ್ರಾಂ ವಿಷವನ್ನು ಮಾತ್ರ ಹಿಡಿಯಬಲ್ಲದು. ಆ ಹಾವು ಒಂದು ಸಲ ಕಚ್ಚಿದರೆ ಸರಾಸರಿ 63 ಮಿಲಿಗ್ರಾಂ ಇಳಿಸುತ್ತೆ. ಆದ್ದರಿಂದಲೇ ಮೊದಲ ಸಲಕ್ಕೇ 8ರಿಂದ 10 ಬಾಟಲಿ ಕೊಡಬೇಕು ಅಂತ ನಿಯಮ ಇರೋದು. ಮಗುವಿಗೂ ಅಷ್ಟೇ, ದೊಡ್ಡವರಿಗೂ ಅಷ್ಟೇ. ಯಾಕೆಂದರೆ ಮಗು ಅಂತ ಹಾವು ವಿಷ ಕಮ್ಮಿ ಮಾಡೋದಿಲ್ಲ. ಎರಡು ಬಾಟಲಿ ಹಾಕಿ ಮುಂದಿನ ಆಸ್ಪತ್ರೆಗೆ ಸಾಗಹಾಕಿದರೆ ಅದು ಚಿಕಿತ್ಸೆ ಅನ್ನಿಸಿಕೊಳ್ಳಲ್ಲ.

ಹೊಸ ಸಂಶೋಧನೆ ಎಲ್ಲಿಗೆ ಬಂದಿದೆ? 2024ರ ಫೆಬ್ರವರಿಯಲ್ಲಿ ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆ ಮತ್ತು ನಮ್ಮ ಬೆಂಗಳೂರಿನವರು ಸೇರಿ, ಕುದುರೆಯ ಹಂಗಿಲ್ಲದೆ ಪ್ರಯೋಗಾಲಯದಲ್ಲೇ ತಯಾರು ಮಾಡಿದ ಒಂದು ಪ್ರತಿಕಾಯವನ್ನು ಪ್ರಕಟಿಸಿದರು. ನಾಗರ, ಕಟ್ಟುಹಾವು, ಆಫ್ರಿಕದ ಮಾಂಬಾ ಇಂಥ ಹಾವುಗಳ ನರವಿಷದಲ್ಲಿ ಸಾಮಾನ್ಯವಾಗಿರುವ ಒಂದು ಬಗೆಯ ಅಂಶವನ್ನು ಅದು ಹಿಡಿದು ನಿಲ್ಲಿಸುತ್ತೆ. 2025ರಲ್ಲಿ ಇನ್ನೊಂದು ಸುದ್ದಿ ಬಂತು. ಅಮೆರಿಕದಲ್ಲಿ ಟಿಮ್ ಫ್ರೀಡೆ ಎಂಬುವನು ಹದಿನೆಂಟು ವರ್ಷ ತನ್ನ ಮೈಗೆ ತಾನೇ ಹಾವಿನ ವಿಷ ಚುಚ್ಚಿಕೊಂಡು, ಹಾವಿನಿಂದ ಕಚ್ಚಿಸಿಕೊಂಡು ಬದುಕಿದವನು. ಯಾರೂ ಹಾಗೆ ಮಾಡಬಾರದು, ಅದು ಸಾವಿಗೆ ಸಮ. ಅವನ ರಕ್ತದಿಂದ ಎರಡು ಪ್ರತಿಕಾಯ ತೆಗೆದು, ವಾರೆಸ್ಪ್ಲಾಡಿಬ್ ಎಂಬ ಒಂದು ರಾಸಾಯನಿಕವನ್ನೂ ಸೇರಿಸಿ ಪರೀಕ್ಷಿಸಿದಾಗ, 19 ಜಾತಿಯ ಹಾವಿನ ವಿಷಗಳ ಪೈಕಿ 13ಕ್ಕೆ ಪೂರ್ತಿ, ಉಳಿದ 6ಕ್ಕೆ ಭಾಗಶಃ ರಕ್ಷಣೆ ಸಿಕ್ಕಿತು. ಆ ಹತ್ತೊಂಬತ್ತೂ ನಾಗರ, ಕಟ್ಟುಹಾವಿನ ಬಳಗದವು, ಅದರಲ್ಲಿ ಮಂಡಲದ ಹಾವು ಒಂದೂ ಇಲ್ಲ. ಈ ವಾರೆಸ್ಪ್ಲಾಡಿಬ್ ನುಂಗುವ ಗುಳಿಗೆಯಾಗಿಯೂ ಇದೆ. ಅದನ್ನು ಹಾವು ಕಚ್ಚಿದವರಿಗೇ ಕೊಟ್ಟು ಭಾರತದಲ್ಲೂ ಅಮೆರಿಕದಲ್ಲೂ ಪರೀಕ್ಷೆ ಮಾಡಿದರು. ಒಟ್ಟು ಫಲಿತಾಂಶದಲ್ಲಿ ಅಂದುಕೊಂಡಷ್ಟು ಗುಣ ಕಾಣಲಿಲ್ಲ. ಬೇಗ ಕೊಟ್ಟವರಲ್ಲಿ ಮಾತ್ರ ಸ್ವಲ್ಪ ಆಸೆ ಹುಟ್ಟಿಸುವ ಲಕ್ಷಣ ಕಂಡಿತು.

ಇವೆಲ್ಲ ಸಂತೋಷದ ಸುದ್ದಿಯೇ. ಆದರೆ ಆ ಪ್ರತಿಕಾಯಗಳ ಪರೀಕ್ಷೆ ಆಗಿರೋದು ಇಲಿಗಳ ಮೇಲೆ. ಇಲಿ ಬದುಕಿದೆ, ರೈತನ ಸರದಿ ಇನ್ನೂ ಬಂದಿಲ್ಲ. ಬಂದ ಮೇಲೂ ಅದರ ಬೆಲೆ ಎಷ್ಟು, ಯಾರ ಕೈಯಲ್ಲಿ ಇರುತ್ತೆ ಅನ್ನೋದನ್ನ ನಾವು ಈಗಿನಿಂದಲೇ ಕೇಳಬೇಕು. ಬೀಜದ ವಿಷಯದಲ್ಲಿ ಆದದ್ದು ನೋಡಿದ್ದೇವಲ್ಲ. ಹಾವು ಕಚ್ಚೋದು ಬಡವನಿಗೆ, ಬಡವನ ಔಷಧಿಯಲ್ಲಿ ಲಾಭ ಇಲ್ಲ ಅಂತ ದೊಡ್ಡ ಕಂಪನಿಗಳು ಇತ್ತ ತಿರುಗಿ ನೋಡಲ್ಲ. ಆದ್ದರಿಂದ ಇದು ಸರ್ಕಾರದ ದುಡ್ಡಿನಲ್ಲೇ ಆಗಬೇಕಾದ ಸಂಶೋಧನೆ.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರೋದು ಏನು? ಹೊತ್ತು. ನೇಪಾಳದ ತರಾಯಿ ಸೀಮೆಯ ದಮಕ್ ಎಂಬ ಕಡೆ ಒಂದು ಪ್ರಯೋಗ ಮಾಡಿದರು. ಹಳ್ಳಿಗಳಲ್ಲಿ ಮೋಟಾರ್ ಸೈಕಲ್ ಇದ್ದವರನ್ನು ಸ್ವಯಂಸೇವಕರಾಗಿ ಗೊತ್ತು ಮಾಡಿದರು. ಹಾವು ಕಚ್ಚಿತು ಅಂದ ಕೂಡಲೇ ಕಚ್ಚಿಸಿಕೊಂಡವನನ್ನು ನಡುವೆ ಕೂರಿಸಿ, ಹಿಂದೆ ಒಬ್ಬ ಹಿಡಿದುಕೊಂಡು, ನೇರವಾಗಿ ಚಿಕಿತ್ಸಾ ಕೇಂದ್ರಕ್ಕೆ ಓಡಿಸೋದು. ಜೊತೆಗೆ ಊರಿನಲ್ಲಿ ತಿಳಿವಳಿಕೆ ಕೊಟ್ಟರು. ಮೊದಲು ಕಚ್ಚಿಸಿಕೊಂಡವರಲ್ಲಿ ನೂರಕ್ಕೆ ಹತ್ತೂವರೆ ಜನ ಸಾಯುತ್ತಿದ್ದರು, ಆಮೇಲೆ ಅದು ನೂರಕ್ಕೆ ಅರ್ಧಕ್ಕೆ ಇಳಿಯಿತು. ಹೊಸ ಔಷಧಿ ಇಲ್ಲ, ಹೊಸ ಆಸ್ಪತ್ರೆ ಇಲ್ಲ. ಬೈಕು, ಪೆಟ್ರೋಲು, ಮನಸ್ಸು ಇಷ್ಟೇ. ನಮ್ಮ ಊರುಗಳಲ್ಲಿ ಬೈಕಿಗೆ ಬರ ಇದೆಯೆ?

ಕಟ್ಟುಹಾವಿನ ವಿಷಯ ತಾಯಂದಿರು ಗಮನವಿಟ್ಟು ಕೇಳಬೇಕು. ಅದು ರಾತ್ರಿ ಹೊತ್ತು ಮನೆಯೊಳಗೇ ಬಂದು, ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತೆ. ನೋವು ಇರೋದಿಲ್ಲ, ಊತ ಇರೋದಿಲ್ಲ, ಗುರುತೂ ಸರಿಯಾಗಿ ಕಾಣಲ್ಲ. ಬೆಳಗಿನ ಜಾವ ಹೊಟ್ಟೆನೋವು ಅಂತ ಎದ್ದ ಮಗುವಿಗೆ ಅಜೀರ್ಣ ಅಂತ ಓಮದ ಕಷಾಯ ಕುಡಿಸಿ ಕೂತರೆ, ರೆಪ್ಪೆ ಇಳಿಯುವ ಹೊತ್ತಿಗೆ ತಡ ಆಗಿರುತ್ತೆ. ನೆಲದ ಮೇಲೆ ಮಲಗಿ ಎದ್ದವರಿಗೆ ಹೊಟ್ಟೆನೋವಿನ ಜೊತೆ ರೆಪ್ಪೆ ಭಾರ, ಗಂಟಲು ಬಿಗಿತ ಕಂಡರೆ ಹಾವು ಅಂತಲೇ ಅನುಮಾನ ಪಡಬೇಕು. ಇದಕ್ಕೆ ಮುಂಜಾಗ್ರತೆ ಬಹಳ ಸುಲಭ. ಸೊಳ್ಳೆ ಪರದೆ ಕಟ್ಟಿ ಅಂಚನ್ನು ಹಾಸಿಗೆ ಕೆಳಗೆ ಸಿಕ್ಕಿಸಿ ಮಲಗೋದು. ನೇಪಾಳದಲ್ಲೇ ಮಾಡಿದ ಇನ್ನೊಂದು ಅಧ್ಯಯನ, ಪರದೆಯೊಳಗೆ ಮಲಗಿದವರಿಗೆ ಹಾವು ಕಡಿತ ಬಹಳ ಕಮ್ಮಿ ಅಂತ 2007ರಲ್ಲೇ ತೋರಿಸಿದೆ.

ಕಚ್ಚಿದ ಮೇಲೆ ಏನು ಮಾಡಬಾರದು ಅಂತ ಮೊದಲು ಹೇಳ್ತೀನಿ. ಹಗ್ಗ ಬಿಗಿದು ಕಟ್ಟಬಾರದು, ರಕ್ತ ನಿಂತು ಕಾಲೇ ಕೊಳೆಯಬಹುದು. ಬ್ಲೇಡಿನಿಂದ ಕೊಯ್ಯಬಾರದು, ಮಂಡಲ ಕಚ್ಚಿದ್ದರೆ ರಕ್ತ ನಿಲ್ಲೋದೇ ಇಲ್ಲ. ಬಾಯಿಂದ ಹೀರಬಾರದು. ಸೊಪ್ಪಿನ ರಸ, ಸಾರಾಯಿ ಕುಡಿಸಬಾರದು. ಹಾವು ಹುಡುಕಿ ಕೊಲ್ಲೋಕೆ ಹೋಗಬಾರದು, ಅದರಿಂದ ಇನ್ನೊಬ್ಬನಿಗೆ ಕಚ್ಚುತ್ತೆ, ಹೊತ್ತೂ ಹೋಗುತ್ತೆ. ಏನು ಮಾಡಬೇಕು? ಧೈರ್ಯ ಹೇಳಿ, ಉಂಗುರ, ಕಾಲುಂಗುರ, ಬಳೆ ಬಿಚ್ಚಿ, ಕಚ್ಚಿದ ಕೈಕಾಲು ಅಲುಗದಂತೆ ದಬ್ಬೆ ಇಟ್ಟು ಸಡಿಲವಾಗಿ ಕಟ್ಟಿ, ನಡೆಸದೆ ಹೊತ್ತುಕೊಂಡು, ಇಂಜೆಕ್ಷನ್ ಇರುವ ಆಸ್ಪತ್ರೆಗೆ ಸೇರಿಸಬೇಕು.

"ನಮ್ಮೂರ ಮಂತ್ರವಾದಿ ನೂರಾರು ಜನರನ್ನ ಉಳಿಸಿದ್ದಾನೆ" ಅಂತ ಹಿರಿಯರು ಅಂತಾರೆ. ಅವರ ಮಾತನ್ನು ನಾನು ಸುಳ್ಳು ಅನ್ನಲ್ಲ. ಅವರು ಕಂಡದ್ದು ನಿಜ. ಆದರೆ ಹೆಚ್ಚಿನ ಸಲ ಕಚ್ಚೋದು ಕೆರೆಹಾವು, ನೀರುಹಾವಿನಂಥ ವಿಷ ಇಲ್ಲದ ಹಾವು. ವಿಷದ ಹಾವೂ ಎಷ್ಟೋ ಸಲ ಹಲ್ಲು ಊರಿ ವಿಷ ಇಳಿಸದೆ ಬಿಡುತ್ತೆ. ಅವರೆಲ್ಲ ಮಂತ್ರ ಇಲ್ಲದೆಯೂ ಬದುಕುತ್ತಿದ್ದರು, ಕೀರ್ತಿ ಮಾತ್ರ ಮಂತ್ರಕ್ಕೆ ಹೋಯಿತು. ನಿಜವಾದ ವಿಷ ಇಳಿದವನು ಮಂತ್ರವಾದಿಯ ಜಗಲಿಯ ಮೇಲೆ ಕಳೆಯುವ ಎರಡು ಗಂಟೆಯೇ ಅವನ ಆಯಸ್ಸು. ಪೂಜೆ ಮಾಡುವವರು ಮಾಡಲಿ, ನಾಗರ ಪಂಚಮಿಗೆ ನಾನೂ ಹಾಲೆರೆಯುವವನೇ. ಹರಕೆ ಮನೆಯವರು ಹೊರಲಿ, ಕಚ್ಚಿಸಿಕೊಂಡವನು ಅಷ್ಟರಲ್ಲಿ ಆಸ್ಪತ್ರೆಯಲ್ಲಿರಲಿ.

ಆಸ್ಪತ್ರೆಯಲ್ಲಿ ದೊಡ್ಡ ಯಂತ್ರ ಬೇಕು ಅಂತಲೂ ಇಲ್ಲ. ಒಂದು ಒಣಗಿದ ಶುದ್ಧ ಗಾಜಿನ ಕೊಳವೆಯಲ್ಲಿ ಸ್ವಲ್ಪ ರಕ್ತ ಹಾಕಿ, ಅಲುಗಿಸದೆ 20 ನಿಮಿಷ ಇಟ್ಟು, ಬಗ್ಗಿಸಿ ನೋಡೋದು. ಹೆಪ್ಪುಗಟ್ಟದೆ ನೀರಿನಂತೆ ಹರಿದರೆ ಮಂಡಲದ ವಿಷ ಏರಿದೆ ಅಂತ ಅರ್ಥ. ಹಾಗೆಯೇ "ನಮ್ಮಲ್ಲಿ ಫ್ರಿಜ್ಜು ಇಲ್ಲ, ಔಷಧಿ ಇಡೋಕಾಗಲ್ಲ" ಅನ್ನೋ ಮಾತನ್ನೂ ಒಪ್ಪಬೇಡಿ. ದ್ರವರೂಪದ ಔಷಧಿಗೆ ತಂಪು ಬೇಕು ನಿಜ. ಪುಡಿ ರೂಪದ್ದು ಫ್ರಿಜ್ಜು ಇಲ್ಲದೆಯೂ ವರ್ಷಗಟ್ಟಲೆ ಕೆಡೋದಿಲ್ಲ.

ಈಗ ಸಾಲದ ಲೆಕ್ಕಕ್ಕೆ ಬರ್ತೀನಿ. ನಮ್ಮ ಪಕ್ಕದ ಊರಿನ ಒಬ್ಬ ರೈತ, ಎರಡು ಎಕರೆ ಕಬ್ಬು. ಮೂರು ಫೇಸ್ ಕರೆಂಟು ಕೊಡುತ್ತಿದ್ದುದು ರಾತ್ರಿ ಹೊತ್ತು. ಹನ್ನೆರಡು ಗಂಟೆಗೆ ಮೋಟಾರು ಹಾಕೋಕೆ ಹೋದಾಗ ಮಂಡಲ ಕಚ್ಚಿತು. ಮೊದಲು ಮಂತ್ರ ಹಾಕಿಸಿದರು. ಬೆಳಗ್ಗೆ ಹತ್ತಿರದ ಒಂದು ಆಸ್ಪತ್ರೆಯಲ್ಲಿ "ಇಂಜೆಕ್ಷನ್ ಸ್ಟಾಕಿಲ್ಲ" ಅಂದರು. ಅಲ್ಲಿಂದ ಪಟ್ಟಣದ ಖಾಸಗಿ ಆಸ್ಪತ್ರೆ, ಡಯಾಲಿಸಿಸ್. ಮೊದಲು ಹೆಂಡತಿಯ ಸರ ಗಿರವಿಗೆ ಹೋಯಿತು, ಆಮೇಲೆ ಜೋಡಿ ಎತ್ತು ಹೋಯಿತು, ಆಮೇಲೆ ಕೈಸಾಲ. ಮನುಷ್ಯ ಬದುಕಿದ್ದಾನೆ, ದುಡಿಯೋ ಶಕ್ತಿ ಅರ್ಧ ಹೋಗಿದೆ. ಕಬ್ಬಿನ ದುಡ್ಡು ಬಂದದ್ದು ಬಡ್ಡಿಗೇ ಸಾಲಲಿಲ್ಲ. ಇದು ಅವನೊಬ್ಬನ ಕಥೆಯಾ? ನಿಮ್ಮ ನಿಮ್ಮ ಊರಲ್ಲಿ ನೆನಪು ಮಾಡಿಕೊಳ್ಳಿ. ಕೃಷಿ ಬೆಲೆ ಆಯೋಗ ಖರ್ಚಿನ ಲೆಕ್ಕ ಬರೆಯುವಾಗ ಬೀಜ, ಗೊಬ್ಬರ, ಕೂಲಿ, ಎತ್ತಿನ ದುಡಿಮೆ ಎಲ್ಲ ಬರೆಯುತ್ತೆ. ರಾತ್ರಿ ನೀರು ಕಟ್ಟೋಕೆ ಹೋದವನ ಜೀವಕ್ಕೆ ಅದರಲ್ಲಿ ಒಂದು ಕಾಲಂ ನಾನು ಕಂಡಿಲ್ಲ.

"ಹಗಲು ಹೊತ್ತು ಕರೆಂಟು ಕೊಡಿ" ಅಂತ ನಾವು ರಸ್ತೆ ತಡೆ ಮಾಡಿದಾಗ ಪಟ್ಟಣದವರು "ರೈತರಿಗೆ ನಿದ್ದೆ ಕೆಡುತ್ತಂತೆ" ಅಂತ ನಗ್ತಾರೆ. ನಿದ್ದೆ ಪ್ರಶ್ನೆಯಲ್ಲ ಸ್ವಾಮಿ, ಜೀವದ ಪ್ರಶ್ನೆ. ಹಾವಿಗೆ ಇಲಿ ಬೇಕು, ಇಲಿಗೆ ನಮ್ಮ ಕಬ್ಬು, ಭತ್ತ ಬೇಕು. ಮಂಡಲ, ಕಟ್ಟುಹಾವುಗಳು ಮೇವಿಗೆ ಹೊರಡೋದು ಕತ್ತಲಾದ ಮೇಲೆ. ಅದೇ ಹೊತ್ತಿಗೆ ನಮ್ಮನ್ನೂ ಹೊಲಕ್ಕೆ ಕಳಿಸಿದರೆ ಅದು ಸರ್ಕಾರವೇ ಏರ್ಪಾಡು ಮಾಡಿಕೊಟ್ಟ ಭೇಟಿಯಲ್ಲವೆ?

ಒಂದಿಷ್ಟು ಒಳ್ಳೆಯದೂ ಆಗಿದೆ, ಅದನ್ನು ಹೇಳದಿದ್ದರೆ ಅನ್ಯಾಯ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗ ಅಂತ ಘೋಷಿಸಿತು. ಸರ್ಕಾರಿ ಆಸ್ಪತ್ರೆ ಇರಲಿ, ಖಾಸಗಿ ಇರಲಿ, ಪ್ರತಿಯೊಂದು ಕಡಿತವನ್ನೂ ಸಾವನ್ನೂ ಬರೆದು ಕಳಿಸಬೇಕು. ಮುಂದಿನ ತಿಂಗಳೇ ಕೇಂದ್ರ ಸರ್ಕಾರ, 2030ರ ಹೊತ್ತಿಗೆ ಈ ಸಾವುಗಳನ್ನು ಅರ್ಧಕ್ಕೆ ಇಳಿಸುವ ರಾಷ್ಟ್ರೀಯ ಕಾರ್ಯಯೋಜನೆ ಹೊರಡಿಸಿತು. ರೈತ ಹಾವು ಕಚ್ಚಿ ಸತ್ತರೆ ರಾಜ್ಯದ ಕೃಷಿ ಇಲಾಖೆಯಿಂದ 2 ಲಕ್ಷ ರೂಪಾಯಿ ಪರಿಹಾರವೂ ಇದೆ. ಆದರೆ ಕಾಗದ ಬೇಕು. ಪೊಲೀಸ್ ವರದಿ, ಮರಣೋತ್ತರ ಪರೀಕ್ಷೆ ಇಲ್ಲದೆ ದುಃಖದಲ್ಲಿ ಮಣ್ಣು ಮಾಡಿಬಿಟ್ಟರೆ ವಿಧವೆಗೆ ದುಡ್ಡೂ ಇಲ್ಲ, ದೇಶದ ಲೆಕ್ಕಕ್ಕೆ ಸಾವೂ ಇಲ್ಲ. ಊರಿನ ನಾಲ್ಕು ಜನ ತಿಳಿದವರು ಆ ಹೊತ್ತಿನಲ್ಲಿ ಮನೆಯವರ ಪಕ್ಕ ನಿಂತು ಈ ಕೆಲಸ ಮಾಡಿಸಬೇಕು. ಕಾಲಾವಧಿ ಮೀರದಂತೆ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ ಅರ್ಜಿ ಹಾಕಿಸಬೇಕು.

ಆದ್ದರಿಂದ ಈ ಸಭೆಯ ಮುಂದೆ ನಾನು ಕೆಲವು ಮಾತು ಇಡುತ್ತೇನೆ. ಸರ್ಕಾರಕ್ಕೆ ಮೊದಲು. ಒಂದು, ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದ ಬಾಗಿಲಲ್ಲಿ, ನ್ಯಾಯಬೆಲೆ ಅಂಗಡಿಯಲ್ಲಿ ದಾಸ್ತಾನು ಬರೆದಂತೆ, ಹಾವಿನ ಇಂಜೆಕ್ಷನ್ ಎಷ್ಟು ಬಾಟಲಿ ಇದೆ ಅಂತ ದಿನಾ ಬೋರ್ಡಿನಲ್ಲಿ ಬರೆಯಬೇಕು. ಎರಡು, ಕರ್ನಾಟಕದ ಹಾವುಗಳ ವಿಷವನ್ನೂ ಸೇರಿಸಿ ಔಷಧಿ ತಯಾರಾಗಬೇಕು. ಆ ಸಂಶೋಧನೆಗೆ ಸರ್ಕಾರ ಧಾರಾಳವಾಗಿ ದುಡ್ಡು ಕೊಡಬೇಕು. ಮೂರು, ಪಂಪ್‌ಸೆಟ್ಟಿಗೆ ಹಗಲು ಹೊತ್ತು ಕರೆಂಟು. ನಾಲ್ಕು, ಡಯಾಲಿಸಿಸ್‌ವರೆಗಿನ ಪೂರ್ತಿ ಖರ್ಚು ಸರ್ಕಾರದ್ದು, ಆ ಆರು ತಿಂಗಳು ಬ್ಯಾಂಕು, ಸೊಸೈಟಿಯವರು ವಸೂಲಿಗೆ ಬಾಗಿಲಿಗೆ ಬರಬಾರದು.

ಇನ್ನು ನಮ್ಮ ಪಾಲಿನ ಕೆಲಸ. ಮುಂಗಾರು ಬೀಳೋಕೆ ಮೊದಲು ಪ್ರತಿ ಊರಿನ ಘಟಕ ಒಂದು ಪಟ್ಟಿ ಮಾಡಬೇಕು: ರಾತ್ರಿ ಕರೆದರೆ ಬರುವ ನಾಲ್ಕು ಬೈಕಿನ ಹುಡುಗರು, ಎರಡು ಜೀಪು ಅಥವಾ ಆಟೋ, ಇಂಜೆಕ್ಷನ್ ಖಂಡಿತ ಸಿಗುವ ಆಸ್ಪತ್ರೆ ಯಾವುದು, ಅದರ ಫೋನು. ಪಟ್ಟಿಯನ್ನು ಡೇರಿಯ ಗೋಡೆಗೆ ಅಂಟಿಸಿ, ಎರಡು ಹೊತ್ತೂ ಎಲ್ಲರೂ ಅಲ್ಲಿಗೆ ಬರ್ತಾರೆ. ಹೊಲಕ್ಕೆ ಹೋಗುವವರಿಗೆ ಮೊಣಕಾಲವರೆಗಿನ ರಬ್ಬರ್ ಬೂಟು, ಕೈಗೆ ಟಾರ್ಚು, ಕೋಲು. ಬೂಟು ಹಾಕಿದರೆ ಕೆಸರಿನಲ್ಲಿ ಕಾಲು ಕಿತ್ತಿಡೋದು ಕಷ್ಟ, ನನಗೂ ಗೊತ್ತು. ನಾಟಿಯಲ್ಲಿ ಆಗದಿದ್ದರೆ ಬೇಡ, ಕಬ್ಬು ಕಡಿಯುವಾಗ, ಹುಲ್ಲು ಹೊರುವಾಗ, ರಾತ್ರಿ ಓಡಾಡುವಾಗಲಾದರೂ ಹಾಕಿ. ಕೂಲಿಗೆ ಬರುವವರಿಗೂ ಜಮೀನಿನವರೇ ಕೊಡಿಸಬೇಕು. ಅವರ ಕಾಲೂ ಕಾಲೇ. ಸೊಸೈಟಿಯಲ್ಲಿ ಗೊಬ್ಬರದ ಜೊತೆ ಬೂಟನ್ನೂ ಪರದೆಯನ್ನೂ ಮಾರುವಂತೆ ನಿರ್ದೇಶಕರಾಗಿರುವ ನಮ್ಮವರು ಮುಂದಿನ ಸಭೆಯಲ್ಲೇ ಗೊತ್ತುವಳಿ ತರಲಿ.

ಕೊನೆಯದಾಗಿ ಇನ್ನೊಂದು ಕೆಲಸ ಹೇಳಿ ಮುಗಿಸ್ತೀನಿ. ಪ್ರತಿ ಊರಿನ ಘಟಕದವರು ಒಂದು ನೋಟ್ ಪುಸ್ತಕ ಇಡಿ. ಕಳೆದ ಹತ್ತು ವರ್ಷದಲ್ಲಿ ನಿಮ್ಮ ಊರಲ್ಲಿ ಹಾವು ಕಚ್ಚಿದವರು ಯಾರು, ಯಾವ ತಿಂಗಳು, ಎಷ್ಟು ಹೊತ್ತಿಗೆ, ಯಾವ ಆಸ್ಪತ್ರೆ, ಬದುಕಿದರೋ ಇಲ್ಲವೋ, ಎಷ್ಟು ಸಾಲ ಆಯಿತು, ಎಷ್ಟು ತೀರಿತು. ಹೆಸರು ಹೊರಗೆ ಹಾಕಬೇಕಿಲ್ಲ, ಲೆಕ್ಕ ಸಾಕು. ಯುಗಾದಿ ಕಳೆದು ಒಂದು ತಿಂಗಳೊಳಗೆ ಎಲ್ಲ ಊರಿನ ಲೆಕ್ಕ ಒಟ್ಟುಗೂಡಿಸಿ ಜಿಲ್ಲಾಧಿಕಾರಿಗಳ ಮೇಜಿನ ಮೇಲೆ ಇಡೋಣ. ಅವರ ಪುಸ್ತಕದ ಲೆಕ್ಕವನ್ನೂ ತೆಗೆಸಿ ಪಕ್ಕದಲ್ಲಿಟ್ಟು ನೋಡೋಣ. ಪುಸ್ತಕ ಬರೆಯೋಕೆ ಒಪ್ಪುವವರು ಸಭೆ ಮುಗಿದ ಮೇಲೆ ಕಾರ್ಯದರ್ಶಿಗಳ ಹತ್ತಿರ ಹೆಸರು ಕೊಟ್ಟು ಹೋಗಿ.